ಗಾಲಿ ಮೈದಾನದ ಹರಾಜು

ನಗರಸಭೆಯವರು ಗಾಲಿ ಮೈದಾನದ ನಟ್ಟನಡುವೆ ಮಾರಾಟದ ಬೋರ್ಡು ನೆಟ್ಟುಹೋದ ಮರುದಿನ ಬೆಳಿಗ್ಗೆಯೇ ಅದು ಅಂಗಾತ ಬಿತ್ತು. ಬೀಳಿಸಿದವರು ಪೋಸ್ಟಮ್ಮ. ಆಯುಸ್ಸಿನ ಮುಕ್ಕಾಲು ಪಾಲನ್ನು ಅಂಚೆ ಕಚೇರಿಯ ಕಿಟಕಿಯ ಹಿಂದೆ ಕಳೆದು, ನಿವೃತ್ತಿಯಾದ ಮೇಲೆ ಕಾರು ಕಲಿತೇ ತೀರುತ್ತೇನೆಂದು ಹಟ ಹಿಡಿದಿದ್ದ ಹೆಂಗಸು. ಆ ಹೊತ್ತಿಗೆ ಕಾರು ಹಿಂದಕ್ಕೆ ಹೋಗುತ್ತಿತ್ತು, ಪೋಸ್ಟಮ್ಮನ ಕಣ್ಣು ಮಾತ್ರ ಮುಂದಕ್ಕೇ ಇತ್ತು.

ಪಕ್ಕದ ಸೀಟಿನಲ್ಲಿದ್ದ ಕಲಿಸುವವಳ ಕಾಲಬುಡದಲ್ಲೂ ಒಂದು ಬ್ರೇಕ್ ಇತ್ತು. ಡ್ರೈವಿಂಗ್ ಸ್ಕೂಲಿನ ಕಾರು ಇರುವುದೇ ಹಾಗೆ. ಕಲಿಯುವವರು ಎಡವಿದರೆ ಕಲಿಸುವವರು ಒತ್ತಬೇಕು. ಕನ್ನಡಿಯಲ್ಲಿ ಬೋರ್ಡು ದೊಡ್ಡದಾಗುತ್ತ ಬಂದದ್ದನ್ನು ಅವಳು ಚೆನ್ನಾಗಿಯೇ ನೋಡಿದಳು. ಕಾಲು ಮಾತ್ರ ಏಳಲಿಲ್ಲ.

“ಏನೋ ಸದ್ದಾಯ್ತಲ್ಲ ಟೀಚರ್,” ಅಂದರು ಪೋಸ್ಟಮ್ಮ.

“ಏನಿಲ್ಲ. ಇನ್ನೂ ಸ್ವಲ್ಪ ಹಿಂದೆ ಬನ್ನಿ. ಹಾಂ, ಹಾಗೇ. ಈಗ ಸ್ಟಿಯರಿಂಗ್ ನೇರ ಮಾಡಿ.”

ಊರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಬ್ರೇಕಕ್ಕ ಎಂದು. ಬಸ್ ಡ್ರೈವರ್ ಆಗಿದ್ದ ಅವಳ ಅಪ್ಪ ರಜೆಯ ದಿನಗಳಲ್ಲಿ ಮಗಳನ್ನು ಇದೇ ಮೈದಾನಕ್ಕೆ ಕರೆತಂದು ಕಲಿಸಿದ್ದ. ಅವಳು ಅದನ್ನೇ ಕಸುಬು ಮಾಡಿಕೊಂಡಳು. ಹೆಂಗಸಿನ ಹತ್ತಿರ ಕಾರು ಕಲಿಯುವುದೇ ಎಂದು ಮೂಗು ಮುರಿದವರ ಹೆಂಡಿರು, ಸೊಸೆಯರು, ಆಮೇಲೆ ಆ ಮೂಗು ಮುರಿದವರೇ ಅವಳ ಹತ್ತಿರ ಬಂದು ಕಲಿತು ಹೋದರು. ಅವಳು ಬೈಯುವುದರಲ್ಲಿ ಎತ್ತಿದ ಕೈ. ಆದರೆ ಬೈಸಿಕೊಂಡವರು ಯಾರೂ ಮನಸ್ಸಿಗೆ ಹಚ್ಚಿಕೊಂಡದ್ದಿಲ್ಲ, ಏಕೆಂದರೆ ಗಾಡಿ ನಿಂತ ಮರುಗಳಿಗೆ ಅವಳ ಸಿಟ್ಟೂ ನಿಲ್ಲುತ್ತಿತ್ತು.

ಮೈದಾನ ಒಂದು ಕಾಲಕ್ಕೆ ಮರದ ಡಿಪೋ ಆಗಿತ್ತು. ಡಿಪೋ ಎದ್ದುಹೋಗಿ ಜಾಗ ನಗರಸಭೆಯದಾಯಿತು, ಸುತ್ತ ಊರು ಬೆಳೆಯಿತು, ನಡುವೆ ಇದೊಂದು ಬಯಲು ಉಳಿಯಿತು. ಬೆಳಿಗ್ಗೆ ಕಾರು, ಸ್ಕೂಟರ್ ಕಲಿಯುವವರು, ಸಂಜೆ ಚೆಂಡಾಡುವವರು, ಮೂಲೆಯ ಕಲ್ಲಿನ ಮೇಲೆ ಕೂತು ಮೊಣಕಾಲು ನೀವಿಕೊಳ್ಳುವ ಮುದುಕರು. ಮಾರ್ಕೆಟ್ಟಿಗೆ ಬೆಂಕಿ ಬಿದ್ದ ವರ್ಷ ಅಂಗಡಿಯವರೆಲ್ಲ ಇಲ್ಲೇ ತಗಡಿನ ಮಾಡು ಎತ್ತಿಕೊಂಡು ಹೊಟ್ಟೆ ಹೊರೆದಿದ್ದರು.

ಬೋರ್ಡು ಬಿದ್ದ ಸುದ್ದಿ ಮಧ್ಯಾಹ್ನದೊಳಗೆ ನಗರಸಭೆ ಅಧ್ಯಕ್ಷನ ಕಿವಿಗೆ ಬಿತ್ತು. ಅಧ್ಯಕ್ಷ ಬೇರೆ ಯಾರೂ ಅಲ್ಲ, ಬ್ರೇಕಕ್ಕನ ಒಡಹುಟ್ಟಿದ ತಮ್ಮ. ಅವನಿಗೆ ಹಾಲು ಹಲ್ಲು ಬೀಳುವ ಮೊದಲೇ ಅಮ್ಮ ತೀರಿಕೊಂಡಿದ್ದಳು. ಅವನ ತಲೆ ಬಾಚಿದ್ದು, ಮೂಗು ಒರೆಸಿದ್ದು, ಚುನಾವಣೆಗೆ ನಿಂತಾಗ ತನ್ನ ಕಾರಿಗೇ ಮೈಕು ಕಟ್ಟಿಕೊಂಡು ಬೀದಿ ಬೀದಿ ಸುತ್ತಿದ್ದು, ಎಲ್ಲ ಅಕ್ಕನೇ.

ಅವನು ಸಂಜೆ ಅಕ್ಕನ ಮನೆಗೆ ಬಂದ. ಮನೆಯ ಮುಂದಿನ ಶೆಡ್ಡಿನಲ್ಲಿ ಬ್ರೇಕಕ್ಕನ ಗಂಡನ ಗ್ಯಾರೇಜು. ಮೆಕ್ಯಾನಿಕ್ ಭಾವ ಒಂದು ವ್ಯಾನಿನ ಕೆಳಗೆ ಮಲಗಿದ್ದ, ಕಾಲು ಮಾತ್ರ ಹೊರಗೆ ಕಾಣುತ್ತಿತ್ತು.

“ಭಾವ, ಅಕ್ಕ ಇದ್ದಾಳಾ?”

“ಇದ್ದಾಳೆ. ಹೆಲ್ಮೆಟ್ ಹಾಕ್ಕೊಂಡು ಹೋಗು,” ಅಂತು ವ್ಯಾನಿನ ಕೆಳಗಿನಿಂದ ದನಿ.

ಒಳಗೆ ಬ್ರೇಕಕ್ಕ ಒಗೆದ ಬಟ್ಟೆ ಮಡಚುತ್ತಿದ್ದಳು. ತಮ್ಮನಿಗೆ ಕುರ್ಚಿ ತೋರಿಸಿದಳೇ ಹೊರತು ಚಹಾ ಬೇಕಾ ಎಂದು ಕೇಳಲಿಲ್ಲ.

“ಬೋರ್ಡು ಯಾಕೆ ಬೀಳ್ಸಿದೆ?”

“ನಾನಲ್ಲ. ಪೋಸ್ಟಮ್ಮ.”

“ನೀನು ಪಕ್ಕದಲ್ಲೇ ಇದ್ದೆಯಲ್ಲ.”

“ಇದ್ದೆ.”

ಅವನು ನಿಟ್ಟುಸಿರು ಬಿಟ್ಟ. “ಅಕ್ಕ, ನಿನ್ನ ಹೊಟ್ಟೆ ಮೇಲೆ ನಾನು ಹೊಡೀತೀನಾ? ಕಸದ ಯಾರ್ಡಿನ ಹಿಂದೆ ಒಂದು ಪಟ್ಟಿ ಜಾಗ ಇದೆ. ನಿನ್ನ ಸ್ಕೂಲಿಗೆ ಅಂತ ಬರೆಸಿಕೊಡ್ತೀನಿ. ಇನ್ನೇನು ಬೇಕು ಹೇಳು.”

“ನಾನು ನಿನ್ನ ಹತ್ರ ಜಾಗ ಕೇಳಿದ್ನಾ?”

“ಮತ್ತೆ ಯಾಕೆ ಕಾಲು ಕೆರೀತಿದ್ದೀಯ?”

“ಆ ಮೈದಾನ ನಂದಲ್ಲ, ಅದಕ್ಕೇ. ನಂದಾಗಿದ್ದಿದ್ರೆ ನೀನು ಕೇಳಿದ ತಕ್ಷಣ ಬಿಟ್ಟುಕೊಡ್ತಿದ್ನೋ ಏನೋ. ಊರಿಂದು. ಊರನ್ನ ಕೇಳಿದ್ಯಾ?”

“ಊರು ನನಗೆ ವೋಟು ಹಾಕಿದೆ.”

“ಮಾರು ಅಂತ ಹಾಕಿದ್ದಲ್ಲ.”

ತಮ್ಮ ಎದ್ದುನಿಂತ. ಅವನ ದನಿ ತಗ್ಗಿತು. ತಗ್ಗಿದಾಗಲೇ ಅವನು ಚುಚ್ಚುವವನು ಎಂದು ಅವಳಿಗೆ ಗೊತ್ತಿತ್ತು. “ರೈಲ್ವೆ ಗೇಟಿನ ಮೇಲೆ ಸೇತುವೆ ಆಗಬೇಕು. ಅದಕ್ಕೆ ಬೇರೆ ದಾರಿ ಇಲ್ಲ, ಮೈದಾನ ಮಾರಲೇಬೇಕು. ಅಪ್ಪ ಆ ಗೇಟಲ್ಲಿ ಹೇಗೆ ಹೋದ ಅಂತ ನಿನಗೆ ನೆನಪಿಲ್ವಾ?”

ಬ್ರೇಕಕ್ಕನ ಕೈ ಅಲ್ಲೇ ನಿಂತಿತು. ಅಂದು ಆಂಬುಲೆನ್ಸಿನಲ್ಲಿ ಅಪ್ಪನ ಕೈ ಹಿಡಿದು ಕೂತಿದ್ದವಳು ಅವಳು. ಗೇಟು ಹಾಕಿತ್ತು. ಗೂಡ್ಸ್ ಗಾಡಿಯೊಂದು ಮುಂದಕ್ಕೆ ಹೋಗಿ, ಮತ್ತೆ ಹಿಂದಕ್ಕೆ ಬಂದು, ಮತ್ತೆ ಮುಂದಕ್ಕೆ ಹೋಗುತ್ತಿತ್ತು. ಅದರ ಕೊನೆಯ ಡಬ್ಬಿ ದಾಟುವ ಹೊತ್ತಿಗೆ ಅವಳು ಹಿಡಿದಿದ್ದ ಕೈ ತಣ್ಣಗಾಗಿತ್ತು.

“ಹೋಗು,” ಅಂದಳು. “ಇನ್ನೊಂದು ಮಾತಾಡಿದ್ರೆ ನಾನು ಏನಂತೀನೋ ನನಗೇ ಗೊತ್ತಿಲ್ಲ.”

ಮರುದಿನ ಪಾಠ ಮುಗಿಸಿದವಳು ಮನೆಗೆ ತಿರುಗದೆ ನೇರ ರೈಲ್ವೆ ಗೇಟಿಗೆ ಹೋದಳು. ಗೇಟು ಎಂದಿನಂತೆ ಹಾಕಿತ್ತು. ಲಾರಿ, ಬಸ್ಸು, ಶಾಲೆಯ ವ್ಯಾನು ಒಂದರ ಬಾಲಕ್ಕೆ ಒಂದು ಮೂತಿ ಇಟ್ಟುಕೊಂಡು ನಿಂತಿದ್ದವು. ಪಕ್ಕದಲ್ಲೇ ಖಾಲಿ ಆಂಬುಲೆನ್ಸ್ ಒಂದಿತ್ತು. ಅದರ ಡ್ರೈವರ್ ಅವಳ ಹಳೆಯ ಶಿಷ್ಯ. ಗಾಜು ಇಳಿಸಿ ನಮಸ್ಕಾರ ಮಾಡಿದ.

“ಬೋರ್ಡು ಬಿತ್ತಂತಲ್ಲ ಅಕ್ಕ,” ಅಂದು ನಕ್ಕವನು ಕೂಡಲೇ ಗಂಭೀರನಾದ. “ತಪ್ಪು ತಿಳ್ಕೋಬೇಡಿ. ನನ್ನ ಕೇಳಿದ್ರೆ ನಿಮ್ಮ ತಮ್ಮ ಹೇಳೋದೇ ಸರಿ. ಹಿಂದೆ ಪೇಷಂಟು ನರಳ್ತಾ ಇರ್ತಾರೆ, ಮುಂದೆ ಈ ಕಂಬಿ. ನನಗೆ ಸೇತುವೆ ಬೇಕು. ಅದಕ್ಕೆ ಏನನ್ನ ಮಾರ್ತಾರೋ ಮಾರ್ಲಿ.”

ಇವನು ತಮ್ಮನ ಬಾಲಬಡುಕನಲ್ಲ, ಯಾರ ಹಂಗಿನಲ್ಲೂ ಇಲ್ಲ. ಅವನ ಸಂಕಟ ಅವನದು, ಅದು ಅವಳದೂ ಹೌದು. ಗೇಟು ಎದ್ದಿತು. ಹಿಂದಿನಿಂದ ಹಾರ್ನುಗಳು ಬೊಬ್ಬೆ ಹಾಕಿದವು. ದಾಟಿ ಹೋಗುವಾಗ ಅವಳು ತನಗೆ ತಾನೇ ಒಂದು ವಿಷಯ ಖಚಿತ ಮಾಡಿಕೊಂಡಳು: ಸೇತುವೆ ಬೇಡ ಎಂದು ತಾನು ಅಪ್ಪಿತಪ್ಪಿಯೂ ಅನ್ನಬಾರದು. ಸೇತುವೆ ಆಗಲೇಬೇಕು. ಆದರೆ ಒಂದು ಸಲ ಮಾರಿದ ಬಯಲು ಮತ್ತೆ ಹುಟ್ಟುವುದಿಲ್ಲ. ಇವೆರಡರ ನಡುವೆ ಒಂದನ್ನು ಆರಿಸು ಎಂದು ತಮ್ಮ ತಂದು ನಿಲ್ಲಿಸಿದ್ದಾನಲ್ಲ, ಆ ನಿಲ್ಲಿಸಿದ್ದೇ ಮೋಸ.

ಬೋರ್ಡು ನೆಟ್ಟಿದ್ದರೂ ಮಾರಾಟಕ್ಕೆ ನಗರಸಭೆಯ ಸಭೆಯಲ್ಲಿ ಇನ್ನೂ ಒಪ್ಪಿಗೆ ಸಿಗಬೇಕಿತ್ತು. ಅಲ್ಲಿಂದ ಅವಳು ಸದಸ್ಯರ ಮನೆ ಬಾಗಿಲು ತಟ್ಟಲು ಹೊರಟಳು. ಸದಸ್ಯರಲ್ಲಿ ಅರ್ಧದಷ್ಟು ಜನ ಅವಳ ಹತ್ತಿರವೇ ಸ್ಟಿಯರಿಂಗ್ ಹಿಡಿದವರು. ಅದು ಯಾವ ಉಪಯೋಗಕ್ಕೂ ಬರಲಿಲ್ಲ. ಎಲ್ಲರೂ ಕೂರಿಸಿ ಮಾತಾಡಿಸಿದರು, ಹಳೆಯ ಬೈಗುಳ ನೆನೆದು ನಕ್ಕರು, ಮೈದಾನದ ಮಾತು ಬಂದ ಕೂಡಲೇ ಗಡಿಯಾರ ನೋಡಿದರು.

ಮೆಡಿಕಲ್ ಶಾಪ್ ನಡೆಸುವ ಸದಸ್ಯನಂತೂ ಅಂಗಡಿಯ ಗಾಜಿನ ಕಪಾಟಿನ ಹಿಂದೆ ನಿಂತು ಮಾತ್ರೆಯ ಪಟ್ಟಿಗಳನ್ನು ಕತ್ತರಿಸುತ್ತಲೇ ಇದ್ದ. ಪುಕ್ಕಲ, ಆದರೆ ಕೆಟ್ಟವನಲ್ಲ. ಮಾರ್ಕೆಟ್ಟಿನ ಬೆಂಕಿಯಲ್ಲಿ ಅವನ ಅಂಗಡಿಯೂ ಬೂದಿಯಾಗಿತ್ತು.

“ಆಗ ನಿನ್ನ ಅಂಗಡಿ ಎಲ್ಲಿತ್ತು?” ಎಂದು ಬ್ರೇಕಕ್ಕ ಕೇಳಿದಳು.

“ಮೈದಾನದಲ್ಲೇ ಅಕ್ಕ. ಆ ಉಪಕಾರ ಮರೆಯೋಕಾಗುತ್ತಾ?”

“ಹಾಗಾದ್ರೆ ಸಭೆಯಲ್ಲಿ ಬೇಡ ಅಂತ ಕೈ ಎತ್ತು.”

“ನೋಡೋಣ ಅಕ್ಕ. ಪರಿಸ್ಥಿತಿ ಹೇಗಿರುತ್ತೆ ಅಂತ ನೋಡ್ಕೊಂಡು…”

“ಎತ್ತುತ್ತೀಯೋ ಇಲ್ವೋ?”

“ಬಿಸಿಲಲ್ಲಿ ಬಂದಿದ್ದೀರ, ಒಂದು ಗ್ಲೂಕೋಸ್ ಪ್ಯಾಕೆಟ್ ಕೊಡ್ಲಾ?” ಅಂದ ಅವನು.

ವಿರೋಧ ಪಕ್ಷದ ಮುಖಂಡ ಮಾತ್ರ ಅವಳನ್ನು ಕಂಡು ಹಿರಿಹಿರಿ ಹಿಗ್ಗಿದ. ಸ್ವಂತ ಅಕ್ಕನೇ ಅಧ್ಯಕ್ಷನ ಮೇಲೆ ತಿರುಗಿ ಬಿದ್ದಿದ್ದಾಳೆ ಎಂದರೆ ಅವನಿಗೆ ಹಬ್ಬದೂಟ. ನಮ್ಮ ಪಕ್ಷ ಸೇರಿಬಿಡಿ, ಮುಂದಿನ ಸಲ ನಿಮ್ಮ ವಾರ್ಡಿನ ಟಿಕೆಟ್ ನಿಮಗೇ, ನಾಳೆಯೇ ಪೇಪರಿನವರನ್ನು ಕರೆಸುತ್ತೇನೆ ಎಂದ.

“ನನ್ನ ತಮ್ಮನ ಮೇಲೆ ನನಗೆ ಸಿಟ್ಟು ಬಂದಿದೆ,” ಅಂದಳು ಬ್ರೇಕಕ್ಕ. “ನಿಮ್ಮ ಮೇಲೆ ಪ್ರೀತಿ ಬಂದಿಲ್ಲ. ಮೈದಾನ ಉಳಿಸೋದಾದ್ರೆ ಉಳಿಸಿ, ಅವನ ಮೇಲೆ ಕಲ್ಲು ಎಸೆಯೋಕೆ ನನ್ನ ಕೈ ಸಾಲ ಕೇಳಬೇಡಿ.”

ಮುಖಂಡನ ಮುಖ ಸಣ್ಣಗಾಯಿತು.

ಸಭೆಯ ದಿನ ಬಂತು. ನಗರಸಭೆಯ ಸಭಾಂಗಣ ಹಳೆಯದು, ಎತ್ತರದ ಮಾಡು, ಸದಸ್ಯರ ಮುಂದೆ ಕುದುರೆ ಲಾಳದ ಆಕಾರದ ಮೇಜು, ಒಬ್ಬೊಬ್ಬರ ಮುಂದೆಯೂ ತಟ್ಟೆ ಮುಚ್ಚಿದ ನೀರಿನ ಲೋಟ, ಗುಂಯ್‌ಗುಡುವ ಮೈಕು. ಹಿಂಭಾಗದ ಮರದ ಕಟಕಟೆಯಾಚೆ ಸಾರ್ವಜನಿಕರಿಗೆ ಬೆಂಚುಗಳು. ಬ್ರೇಕಕ್ಕ ಮೊದಲ ಬೆಂಚಿನಲ್ಲಿ ಕೂತಳು. ಒಂದು ಪಕ್ಕದಲ್ಲಿ ಪೋಸ್ಟಮ್ಮ, ಇನ್ನೊಂದು ಪಕ್ಕದಲ್ಲಿ ಗಂಡ. ಮೆಕ್ಯಾನಿಕ್ ಉಗುರಿನ ಗ್ರೀಸು ಬಿಡಿಸಲು ಬೆಳಿಗ್ಗೆಯಿಂದ ಉಜ್ಜಿ ಬೆರಳು ಕೆಂಪು ಮಾಡಿಕೊಂಡಿದ್ದ.

ಮೊದಲು ಆಕ್ಷೇಪಣೆ ಇದ್ದವರು ಮಾತಾಡಬಹುದು ಎಂದರು. ಬ್ರೇಕಕ್ಕ ಎದ್ದಳು. ಮೈದಾನದಲ್ಲಿ ಗಂಟಲು ಹರಿಯುವ ಹಾಗೆ ಕೂಗಿ ಅಭ್ಯಾಸವಾದವಳಿಗೆ ಮೈಕು ಬೇಕಾಗಲಿಲ್ಲ. ಸೇತುವೆ ಬೇಕು, ಬೇಗ ಬೇಕು, ಆದರೆ ಮೈದಾನ ಮಾರಿ ಬೇಡ ಎಂದಳು.

ಒಬ್ಬ ಸದಸ್ಯ ಕೇಳಿದ: “ಮಾರದೆ ಸೇತುವೆಗೆ ದುಡ್ಡು ಎಲ್ಲಿಂದ ತರೋದು? ಅದನ್ನೂ ನೀವೇ ಹೇಳಿಬಿಡಿ.”

ಬೆಂಚುಗಳಲ್ಲಿದ್ದ ಕೆಲವರು ನಕ್ಕರು.

“ಅದು ನನಗೆ ಗೊತ್ತಿಲ್ಲ,” ಅಂದಳು ಅವಳು. “ನಾನು ಡ್ರೈವಿಂಗ್ ಕಲಿಸೋಳು. ಗೊತ್ತಿದ್ದಿದ್ರೆ ಆ ಕುರ್ಚಿಯಲ್ಲಿ ನಾನು ಕೂರ್ತಿದ್ದೆ, ನೀವು ಇಲ್ಲಿ ನಿಂತಿರ್ತಿದ್ರಿ. ಯೋಚನೆ ಮಾಡಿ ಅಂತ ತಾನೇ ನಿಮ್ಮನ್ನ ಆರಿಸಿದ್ದು? ಮನೇಲಿ ಕಷ್ಟ ಬಂದ ತಕ್ಷಣ ಹೊಸ್ತಿಲು ಕಿತ್ತು ಮಾರೋದಕ್ಕೆ ಯಾರ ಬುದ್ಧಿಯೂ ಬೇಕಾಗಿಲ್ಲ.”

ಈಗ ನಕ್ಕವರು ಬೇರೆಯವರು. ಅಧ್ಯಕ್ಷ ಗಂಟೆ ಬಾರಿಸಿ ಸದ್ದಡಗಿಸಿದ. ಆಮೇಲೆ ತಾನೇ ಮಾತಿಗೆ ನಿಂತ. ಚೆನ್ನಾಗಿ ಮಾತಾಡುವವನು ಅವನು. ಊರು ಬೆಳೆಯಬೇಕು ಅಂದ, ಗೇಟಿನ ಮುಂದೆ ಊರಿನ ಆಯುಸ್ಸು ಸೋರಿ ಹೋಗುತ್ತಿದೆ ಅಂದ, ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

“ಮಾನ್ಯ ಸದಸ್ಯರೇ, ನನ್ನ ತಂದೆ ಅದೇ ಗೇಟಿನಲ್ಲಿ, ಆಂಬುಲೆನ್ಸಿನ ಒಳಗೆ, ನನ್ನ ಕಣ್ಣೆದುರೇ…”

“ನಿನ್ನ ಕಣ್ಣೆದುರಲ್ಲ,” ಅಂದಳು ಬ್ರೇಕಕ್ಕ.

ಅವಳು ಎದ್ದು ನಿಂತಿದ್ದಳು. ಗಂಡ ತೋಳು ಹಿಡಿದು ಕೂರಿಸಲು ನೋಡಿದ, ಆಗಲಿಲ್ಲ.

“ನೀನು ಅವತ್ತು ಪಕ್ಷದ ಸಭೆಯಲ್ಲಿದ್ದೆ. ಸುದ್ದಿ ತಿಳಿದ ಮೇಲೆ ಬಂದೆ. ಅದಕ್ಕೆ ನಾನು ಯಾವತ್ತೂ ನಿನ್ನ ಬೈದಿಲ್ಲ, ಇವತ್ತೂ ಬೈಯಲ್ಲ. ಆದ್ರೆ ಅಪ್ಪನ ಸಾವನ್ನ ಈ ಮೇಜಿನ ಮೇಲೆ ತಂದಿಟ್ಟು ವೋಟು ಕೇಳಬೇಡ. ಅಪ್ಪನ ಹೆಸರಲ್ಲಿ ಸೇತುವೆ ಕಟ್ಟು, ನಾನೇ ಬಂದು ಮಣ್ಣು ಹೊರ್ತೀನಿ. ಅಪ್ಪನ ಹೆಸರಲ್ಲಿ ಮಾರಾಟ ಮಾಡಬೇಡ.”

ತಮ್ಮ ಕನ್ನಡಕ ಎತ್ತಿ ಹಾಕಿಕೊಂಡ. “ಸಭೆಗೆ ಅಡ್ಡಿ ಮಾಡಿದವರನ್ನು ಹೊರಗೆ ಕಳಿಸಿ,” ಎಂದು ಕಾವಲಿನವಳಿಗೆ ಹೇಳಿದ. ಅಕ್ಕ ಎಂದು ಹೇಳಲಿಲ್ಲ, ಹೆಸರೂ ಎತ್ತಲಿಲ್ಲ.

ಕಾವಲಿನವಳು ಹತ್ತಿರ ಬಂದು, “ಮೇಡಂ, ನಾನು ಮೊನ್ನೆಯಷ್ಟೇ ನಿಮ್ಮ ಹತ್ರ ಕ್ಲಾಸಿಗೆ ಸೇರಿದ್ದೀನಿ, ದಯವಿಟ್ಟು ನೀವೇ ನಡೀರಿ,” ಎಂದು ಪಿಸುಗುಟ್ಟಿದಳು. ಅವಳ ಕೆಲಸಕ್ಕೆ ಕಲ್ಲು ಹಾಕಬಾರದೆಂದು ಬ್ರೇಕಕ್ಕ ತಾನಾಗಿಯೇ ಹೊರನಡೆದಳು.

ಮಾರಾಟದ ಠರಾವು ಒಂದೇ ಒಂದು ಕೈಯ ಅಂತರದಲ್ಲಿ ಪಾಸಾಯಿತು. ಕೈ ಎತ್ತುವ ಹೊತ್ತಿಗೆ ಮೆಡಿಕಲ್ ಶಾಪಿನವನಿಗೆ ಹೊಟ್ಟೆ ಕೆಟ್ಟಿತ್ತಂತೆ, ಅವನು ಶೌಚಾಲಯದಲ್ಲಿದ್ದನಂತೆ. ಅದನ್ನು ಬಂದು ಹೇಳಿದ ಪೋಸ್ಟಮ್ಮ, “ಔಷಧಿ ಮಾರೋನಿಗೇ ಹೀಗಾದ್ರೆ ಊರಿನ ಗತಿ ಏನು,” ಎಂದು ಕೇಳಿದರು.

ಆಮೇಲಿನ ದಿನಗಳು ಬ್ರೇಕಕ್ಕನಿಗೆ ಸುಲಭವಾಗಿರಲಿಲ್ಲ. ನಗರಸಭೆಯ ಸಭಾಂಗಣಕ್ಕೆ ಅವಳು ಕಾಲಿಡಬಾರದೆಂದು ಆದೇಶ ಬಂತು. ಡ್ರೈವಿಂಗ್ ಸ್ಕೂಲಿನ ಲೈಸೆನ್ಸ್ ನವೀಕರಣಕ್ಕೆ ಹೋದರೆ ಕಚೇರಿಯಲ್ಲಿ ಇವತ್ತು ಸಾಹೇಬರಿಲ್ಲ, ನಾಳೆ ಸೀಲಿಲ್ಲ. ತಮ್ಮನೇ ಹೇಳಿ ಮಾಡಿಸಿದನೋ, ಅವನ ಹಿಂದೆ ಮುಂದೆ ಸುತ್ತುವವರು ತಾವಾಗಿಯೇ ಮಾಡಿದರೋ, ಅವಳು ಕೇಳಲು ಹೋಗಲಿಲ್ಲ. ಹೊಸದಾಗಿ ಸೇರಿದವರಲ್ಲಿ ಕೆಲವರು ಸದ್ದಿಲ್ಲದೆ ಬಿಟ್ಟು ಹೋದರು. ಮೈದಾನದ ಸುತ್ತ ತಗಡಿನ ಬೇಲಿ ಎದ್ದಿತು. ಗಾಡಿ ಹೋಗಿಬರಲು ಒಂದು ಬಾಯಿ ಮಾತ್ರ ಉಳಿಯಿತು. ಅವಳು ದಿನವೂ ಆ ಬಾಯಿಯಿಂದಲೇ ಕಾರು ಒಳಗೆ ತಂದು ಪಾಠ ಮಾಡಿದಳು.

“ಸಾಕು ಅನ್ನಿಸಿದ್ರೆ ಹೇಳು,” ಅಂದ ಗಂಡ, ಒಂದು ದಿನ ಕಾರಿನ ಕ್ಲಚ್ಚು ಬಿಚ್ಚುತ್ತ. ಅವನು ಮಾತಾಡುವುದೇ ಅಪರೂಪ.

“ನಿಮಗೆ ಸಾಕಾಯ್ತಾ?”

“ನನಗೇನು. ಇಬ್ಬರಿಗೂ ನಾನು ಬೇಕಾದವನು. ಅವನ ಕಾರಿಗೂ ಸರ್ವಿಸ್ ಟೈಮಾಗಿದೆ, ತಂದಿಲ್ಲ.” ಸ್ವಲ್ಪ ಹೊತ್ತು ಸ್ಪ್ಯಾನರ್ ತಿರುಗಿಸಿದ. “ಹಿಡಿದ ಮೇಲೆ ಬಿಡಬೇಡ. ಅಷ್ಟೇ.”

ಹರಾಜಿಗೆ ಮುಂಚೆ ಕೊಳ್ಳುವವರು ಜಾಗ ನೋಡಲು ಬರುವ ದಿನ ಗೊತ್ತಾಯಿತು. ಬ್ರೇಕಕ್ಕ ತನ್ನ ಹತ್ತಿರ ಕಲಿಯುತ್ತಿದ್ದವರಿಗೆಲ್ಲ ಒಂದೇ ಮಾತು ಹೇಳಿದಳು: ಅವತ್ತು ಎಲ್ಲರೂ ಒಂದೇ ಹೊತ್ತಿಗೆ ಕ್ಲಾಸಿಗೆ ಬನ್ನಿ. ಗಾಡಿ ಇದ್ದವರು ಗಾಡಿ ತನ್ನಿ. ಹತ್ತು ಹದಿನೈದು ಜನ ಬಂದರೆ ಹೆಚ್ಚು ಎಂದುಕೊಂಡಿದ್ದಳು.

ಆದರೆ ಮಾತು ಅವಳಿಗಿಂತ ಜೋರಾಗಿ ಓಡಿತ್ತು. ಆ ಬೆಳಿಗ್ಗೆ ತಗಡಿನ ಬಾಯಿಯಿಂದ ಒಳಗೆ ಬಂದ ಗಾಡಿಗಳಿಗೆ ಕೊನೆಯೇ ಇರಲಿಲ್ಲ. ಸ್ಕೂಟರಿನ ಹೆಂಗಸರು, ತರಕಾರಿ ಲಾರಿ, ಶಾಲೆಯ ವ್ಯಾನು, ಬಾಡಿಗೆ ಕಾರು, ಗ್ಯಾರೇಜಿನಿಂದ ಮೆಕ್ಯಾನಿಕ್ ಎಳೆದು ತಂದ, ಎಂಜಿನ್ನೇ ಇಲ್ಲದ ಒಂದು ಜೀಪು. ಎಂದೋ ಕಲಿತು ಹೋದವರು, ಈಗ ತಲೆ ನರೆತವರು, ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಬಂದರು. ಎಲ್ಲರಿಗಿಂತ ಕೊನೆಗೆ ಮೆಡಿಕಲ್ ಶಾಪಿನವನ ಸಣ್ಣ ವ್ಯಾನು ಒಳಗೆ ನುಗ್ಗಿತು. ಅವನು ಇಳಿದು ಬ್ರೇಕಕ್ಕನ ಮುಖ ನೋಡದೆ, “ಎಲ್ಲಿ ನಿಲ್ಲಿಸ್ಲಿ?” ಎಂದು ಕೇಳಿದ.

“ಹೊಟ್ಟೆ ಹೇಗಿದೆ?”

“ಈಗ ಪರವಾಗಿಲ್ಲ ಅಕ್ಕ.”

“ಹಾಗಾದ್ರೆ ಬಾಗಿಲಿಗೇ ಅಡ್ಡ ನಿಲ್ಲಿಸು.”

ಆಂಬುಲೆನ್ಸ್ ಡ್ರೈವರ್ ಬಂದಿರಲಿಲ್ಲ. ಅವಳು ಅವನನ್ನು ಕರೆದೂ ಇರಲಿಲ್ಲ.

ಕೊಳ್ಳುವವರು ಕಪ್ಪು ಗಾಜಿನ ಎರಡು ಕಾರಿನಲ್ಲಿ ಬಂದರು, ಹೊರಗೇ ನಿಂತರು, ತಗಡಿನ ಸಂದಿಯಲ್ಲಿ ಇಣುಕಿದರು. ಒಬ್ಬನು ಫೋನಿನಲ್ಲಿ ಯಾರಿಗೋ ಜೋರು ಮಾಡಿದ. ಪೊಲೀಸರು ಬಂದರು. ಇನ್‌ಸ್ಪೆಕ್ಟರ್ ಎಲ್ಲರಿಗೂ ಗಾಡಿ ತೆಗೆಯಿರಿ ಎಂದು ಗದರಿಸುತ್ತ ಮುಂದಿನ ಕಾರಿನ ಗಾಜು ತಟ್ಟಿದ. ಒಳಗಿದ್ದವರು ಪೋಸ್ಟಮ್ಮ.

“ತೆಗೀತಿದ್ದೆ ಸಾರ್,” ಅಂದರು ಅವರು ಬಹಳ ವಿನಯದಿಂದ. “ಆದ್ರೆ ನನಗೆ ರಿವರ್ಸ್ ಇನ್ನೂ ಸರಿಯಾಗಿ ಬರಲ್ಲ. ನೀವು ಸ್ವಲ್ಪ ದೂರ ನಿಂತ್ಕೊಂಡ್ರೆ ಪ್ರಯತ್ನ ಮಾಡ್ತೀನಿ.”

ಇನ್‌ಸ್ಪೆಕ್ಟರ್ ಥಟ್ಟನೆ ಹಿಂದಕ್ಕೆ ಸರಿದ. ಸುತ್ತಲಿದ್ದವರು ಘೊಳ್ಳೆಂದು ನಕ್ಕರು.

ಅಷ್ಟರಲ್ಲಿ ಅಧ್ಯಕ್ಷನೇ ಬಂದ. ಗಾಡಿಗಳ ಸಂದಿಯಲ್ಲಿ ಒಂದೊಂದನ್ನೇ ದಾಟಿಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಡೆದು ಬಂದ. ಅಕ್ಕನ ಎದುರಿಗೆ ನಿಂತಾಗ ಅವನ ಕುತ್ತಿಗೆಯ ನರ ಉಬ್ಬಿತ್ತು.

“ಊರೆದುರು ನನ್ನ ಮಾನ ಹರಾಜು ಹಾಕ್ತಿದ್ದೀಯ.”

“ಮೈದಾನದ ಹರಾಜು ನಿಲ್ಲಿಸು. ನಿನ್ನ ಮಾನದ್ದೂ ನಿಲ್ಲುತ್ತೆ.”

“ನಾನು ನಿಲ್ಲಿಸಲ್ಲ ಅಂದ್ರೆ?”

“ನಾಳೆಯೂ ಬರ್ತೀನಿ. ನಾಡಿದ್ದೂ ಬರ್ತೀನಿ. ನಿನ್ನ ಹಟ ಎಲ್ಲಿಂದ ಬಂತು ಅಂದ್ಕೊಂಡೆ? ಒಂದೇ ಮನೆ ನೀರು ಕುಡಿದಿದ್ದೀವಿ.”

ಅವನು ಸುತ್ತ ನೋಡಿದ. ಮಾರ್ಕೆಟ್ಟಿನವರು, ತನ್ನ ವಾರ್ಡಿನವರು, ತನಗೇ ವೋಟು ಹಾಕಿದವರು. ಯಾರೂ ಘೋಷಣೆ ಕೂಗಲಿಲ್ಲ, ಯಾರೂ ಜಾಗ ಬಿಟ್ಟು ಕದಲಲೂ ಇಲ್ಲ. ಇನ್‌ಸ್ಪೆಕ್ಟರ್ ಹತ್ತಿರ ಬಂದು, “ಏನು ಮಾಡೋಣ ಸಾರ್?” ಎಂದು ಕೇಳಿದ.

“ಕಾನೂನು ಏನು ಹೇಳುತ್ತೋ ಅದನ್ನ ಮಾಡಿ,” ಅಂದು ಅವನು ತಿರುಗಿ ನಡೆದ.

ಬ್ರೇಕಕ್ಕನನ್ನು ಪೊಲೀಸ್ ಜೀಪಿನಲ್ಲಿ ಕೂರಿಸಿ ಠಾಣೆಗೆ ಕರೆದೊಯ್ದರು. ಅಷ್ಟು ವಯಸ್ಸಾಗಿದ್ದರೂ ಠಾಣೆಯ ಮೆಟ್ಟಿಲು ತುಳಿದವಳಲ್ಲ. ಮರದ ಬೆಂಚಿನ ಮೇಲೆ ಕೂತು ಗೋಡೆಯ ಸುಣ್ಣ ಉದುರಿದ ಜಾಗವನ್ನೇ ನೋಡುತ್ತ, ತನ್ನನ್ನು ಒಳಗೆ ಹಾಕಿಸಿದವನು ತಾನು ಎತ್ತಿ ಆಡಿಸಿದ ಕೂಸು ಎಂಬುದನ್ನು ಮನಸ್ಸಿಗೆ ಮತ್ತೆ ಮತ್ತೆ ಹೇಳಿಕೊಂಡಳು. ಅಳು ಬರಬಹುದು ಎಂದುಕೊಂಡಳು, ಬರಲಿಲ್ಲ. ಹಸಿವು ಬಂತು. ಮಧ್ಯಾಹ್ನ ಗಂಡ ಊಟದ ಡಬ್ಬಿ ಹಿಡಿದು ಬಂದ. ಸಂಜೆ ಎಚ್ಚರಿಕೆ ಕೊಟ್ಟು ಬಿಟ್ಟು ಕಳಿಸಿದರು. ಹೊರಗೆ ಪೋಸ್ಟಮ್ಮ ಕಾಯುತ್ತಿದ್ದರು. “ನಾಳೆ ಕ್ಲಾಸು ಇದೆಯಾ ಟೀಚರ್?” ಎಂದು ಕೇಳಿದರು.

“ಇದೆ. ಎಂದಿನ ಹೊತ್ತಿಗೇ ಬನ್ನಿ.”

ಹರಾಜಿನ ದಿನ ನಗರಸಭೆಯವರು ಮೇಜು ಹಾಕಿಕೊಂಡು ಕೂತರು. ಕೂಗುವವನು ಕೂಗಿದ. ಕೊಳ್ಳಲು ಯಾರೂ ಬರಲಿಲ್ಲ. ಜಗಳ ಹತ್ತಿದ ಜಾಗಕ್ಕೆ ಕೈ ಹಾಕಿ ಕಟ್ಟಡದ ಕೆಲಸ ವರ್ಷಗಟ್ಟಲೆ ನಿಂತರೆ ಯಾರಿಗೆ ಬೇಕು ಎಂದು ಕಪ್ಪು ಗಾಜಿನವರು ಬೇರೆ ಊರಿನ ಕಡೆ ಮುಖ ತಿರುಗಿಸಿದ್ದರು. ಇನ್ನೊಂದು ಸಲ ಕೂಗಿಸಿದರು. ಆಗಲೂ ಅಷ್ಟೇ.

ಮೈದಾನದಲ್ಲಿ ಜನ ಕುಣಿದಾಡಿದರು. ಬ್ರೇಕಕ್ಕನಿಗೆ ಕುಣಿಯುವ ಮನಸ್ಸಾಗಲಿಲ್ಲ. ಗೇಟಿನ ಮುಂದೆ ಆಂಬುಲೆನ್ಸ್ ಇನ್ನೂ ನಿಲ್ಲುತ್ತಿತ್ತು. ಒಂದು ದಿನ ಅದರ ಡ್ರೈವರ್ ಗಾಜು ಇಳಿಸಿ, “ಗೆದ್ರಲ್ಲ ಅಕ್ಕ,” ಅಂದ. ಆ ಮಾತಿನಲ್ಲಿ ನಗೆ ಇರಲಿಲ್ಲ. ಅವಳು ಅವನ ಕಣ್ಣು ತಪ್ಪಿಸದೆ, “ಅರ್ಧ,” ಅಂದಳು.

ತಮ್ಮ ಬಾಯಿ ಬಿಟ್ಟದ್ದು ಮುಂದಿನ ಸಭೆಯಲ್ಲಿ. ಬ್ರೇಕಕ್ಕನಿಗೆ ಒಳಗೆ ಪ್ರವೇಶವಿರಲಿಲ್ಲ. ಅವಳು ಹೊರಗಿನ ಜಗಲಿಯಲ್ಲಿ ಕಿಟಕಿಗೆ ಆನಿಕೊಂಡು ನಿಂತಿದ್ದಳು. ಒಳಗೆ ಬೆಂಚುಗಳು ತುಂಬಿ ಜನ ಗೋಡೆಗೆ ಅಂಟಿಕೊಂಡಿದ್ದರು. ಸೇತುವೆಯ ವಿಷಯ ಬಂದಾಗ ತಮ್ಮ ಯಾವ ಪೀಠಿಕೆಯೂ ಇಲ್ಲದೆ, ನಗರಸಭೆಗೆ ಹೊಸ ಕಟ್ಟಡ ಕಟ್ಟಿಸಲು ತೆಗೆದಿಟ್ಟ ಹಣವನ್ನು ಸೇತುವೆಗೆ ತಿರುಗಿಸೋಣ, ನಾವು ಈ ಹಳೆಯ ಸಭಾಂಗಣದಲ್ಲೇ ಕೂರೋಣ, ಉಳಿದದ್ದಕ್ಕೆ ಸರ್ಕಾರದ ಬಾಗಿಲು ತಟ್ಟೋಣ ಎಂದ.

ಮೈದಾನ ಮಾರುವಾಗ ಗುಂಪು ಗುಂಪಾಗಿ ಕೈ ಎತ್ತಿದವರು, ಹೊಸ ಕಟ್ಟಡದ ಎ.ಸಿ. ಕೋಣೆ ಕೈತಪ್ಪುತ್ತದೆ ಎಂದಾಗ ಒಬ್ಬರ ಮೇಲೊಬ್ಬರು ಎದ್ದು ಕೂಗಿದರು. ವಿರೋಧ ಪಕ್ಷದ ಮುಖಂಡನೂ ಅವರ ಜೊತೆಗೇ ದನಿ ಸೇರಿಸಿದ. ಅಧ್ಯಕ್ಷನ ಸ್ವಂತ ಪಕ್ಷದವನೊಬ್ಬ, “ಅಕ್ಕನಿಗೆ ಹೆದರಿ ಅಧ್ಯಕ್ಷರು ಬೆನ್ನು ಬಗ್ಗಿಸಿದ್ರು,” ಎಂದು ಹಂಗಿಸಿದ.

“ಅಕ್ಕನಿಗೋಸ್ಕರ ಅಲ್ಲ,” ಅಂದ ತಮ್ಮ. “ಅವಳ ಮೇಲೆ ನನಗೆ ಇನ್ನೂ ಸಿಟ್ಟಿದೆ. ಅದು ನನ್ನ ಮನೆ ವಿಷಯ. ಗೇಟಿನ ಮುಂದೆ ನಿಂತಿರೋ ಜನರಿಗೆ ನಾನು ಮಾತು ಕೊಟ್ಟಿದ್ದೀನಿ, ಒಂದು ದಾರಿ ಮುಚ್ಚಿದ್ರೆ ಇನ್ನೊಂದು ದಾರಿ. ಬೇಡ ಅನ್ನೋರು ಇಷ್ಟು ಜನರ ಎದುರು ಕೈ ಎತ್ತಿ.”

ಬೆಂಚುಗಳ ಕಡೆ ಸದಸ್ಯರೆಲ್ಲ ಒಮ್ಮೆ ತಿರುಗಿ ನೋಡಿದರು. ಬೇಡ ಎಂದು ಒಂದು ಕೈಯೂ ಏಳಲಿಲ್ಲ. ಮೊದಲು ಠರಾವಿನ ಪರ ಎದ್ದ ಕೈ ಮೆಡಿಕಲ್ ಶಾಪಿನವನದು. ಕಣ್ಣು ಮುಚ್ಚಿಕೊಂಡೇ ಎತ್ತಿದ್ದ, ಇಳಿಸಲಿಲ್ಲ. ಅವನ ಹಿಂದೆ ಒಂದೊಂದಾಗಿ ಉಳಿದವು ಎದ್ದವು.

ಸೇತುವೆ ಪಾಸಾಯಿತು. ಅಧ್ಯಕ್ಷನ ಕುರ್ಚಿ ಹೋಯಿತು. ಕೋಣೆ ಕಳೆದುಕೊಂಡವರು ಸೇಡು ಇಟ್ಟುಕೊಂಡು, ಸಮಯ ನೋಡಿ ಅವಿಶ್ವಾಸ ತಂದು ಅವನನ್ನು ಇಳಿಸಿದರು. ಅವನೀಗ ಬರೀ ಸದಸ್ಯ. ಗೇಟಿನ ಎರಡೂ ಕಡೆ ಕಂಬಗಳಿಗೆ ಗುಂಡಿ ತೋಡುವ ಯಂತ್ರಗಳು ಬಂದವು, ಊರೆಲ್ಲ ಧೂಳಾಯಿತು, ಜನ ಧೂಳಿಗೆ ಬೈದುಕೊಂಡು ಓಡಾಡಿದರು.

ಅಕ್ಕ ತಮ್ಮ ಮಾತು ಬಿಟ್ಟು ಬಹಳ ದಿನವಾಗಿತ್ತು. ಅವಳಾಗಿ ಹೋಗಲಿಲ್ಲ, ಅವನಾಗಿ ಬರಲಿಲ್ಲ. ಕೊನೆಗೆ ಅವನ ಕಾರು ದಾರಿಯಲ್ಲಿ ಕೆಮ್ಮಿ ನಿಂತಿತು. ಬೇರೆ ಗ್ಯಾರೇಜಿಗೆ ಒಯ್ಯಬಹುದಿತ್ತು. ಆದರೂ ಅದನ್ನು ಭಾವನ ಶೆಡ್ಡಿಗೇ ಎಳೆಸಿಕೊಂಡು ಬಂದ. ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, “ಹೊತ್ತಾಗುತ್ತೆ. ಒಳಗೆ ಕೂತಿರು,” ಅಂದ. ಹೊತ್ತಾಗುವಂಥದ್ದೇನೂ ಕೆಟ್ಟಿರಲಿಲ್ಲ.

ಬ್ರೇಕಕ್ಕ ಅಡುಗೆಮನೆಯಲ್ಲಿದ್ದಳು. ತಮ್ಮ ಬಂದು ಬಾಗಿಲಲ್ಲಿ ನಿಂತ. ಮೈ ಇಳಿದಿದ್ದ. ಅವಳು ಚಹಾಕ್ಕೆ ನೀರಿಟ್ಟಳು.

“ಠಾಣೆಯಲ್ಲಿ ಹೊಡೀಲಿಲ್ಲ ತಾನೇ?” ಅಂದ ಅವನು, ಎಷ್ಟೋ ದಿನದಿಂದ ಗಂಟಲಲ್ಲಿ ಇಟ್ಟುಕೊಂಡದ್ದನ್ನು ಉಗಿದ ಹಾಗೆ.

“ಬೆಂಚು ಗಟ್ಟಿಯಾಗಿತ್ತು. ಅಷ್ಟೇ.”

“ಸಭೆಯಲ್ಲಿ ನೀನು ಹಾಗೆ ಹೇಳಬಾರದಿತ್ತು ಅಕ್ಕ.”

“ನೀನು ಹಾಗೆ ಹೇಳಬಾರದಿತ್ತು.”

ಯಾರೂ ತಪ್ಪಾಯಿತು ಎನ್ನಲಿಲ್ಲ. ಅವನು ಮಣೆ ಎಳೆದುಕೊಂಡು ಕೂತು, ಅವಳು ಕೊಟ್ಟ ಚಹಾ ಊದಿ ಊದಿ ಕುಡಿದ. ಅರ್ಧ ಕುಡಿದ ಮೇಲೆ ಹೇಳಿದ: “ಹೊಸ ಅಧ್ಯಕ್ಷರು ಈಗ ಹಳೆ ಪಂಪ್‌ಹೌಸ್ ಜಾಗ ಮಾರಬೇಕು ಅಂತಿದ್ದಾರೆ. ನಾನು ಹೂಂ ಅಂತ ಕೈ ಎತ್ತೋನೇ. ಅದರಲ್ಲಿ ಹಾವು, ಹಲ್ಲಿ ಬಿಟ್ರೆ ಏನಿದೆ?”

ಬ್ರೇಕಕ್ಕ ಒಲೆ ಆರಿಸಿದಳು.

“ನೀನು ಯಾವಾಗ ನೋಡಿದ್ದು?”

“ನಾನೇನು ನೋಡೋದು, ಎಲ್ಲರೂ ಹೇಳ್ತಾರೆ.”

“ನೋಡದೆ ಹೂಂ ಅಂತೀಯಾ?” ಅವಳು ಕೈ ಒರೆಸಿಕೊಂಡು ಬಾಗಿಲ ಹತ್ತಿರ ಹೋಗಿ ಚಪ್ಪಲಿ ಮೆಟ್ಟಿದಳು. “ಹೋಗಿ ನೋಡೋಣ. ನೋಡಿದ ಮೇಲೆ ಮಾರೋದೇ ಸರಿ ಅನ್ನಿಸಿದ್ರೆ ನಾನೂ ಮಾರ್ಲಿ ಅಂತೀನಿ. ಏಳು.”

“ಈಗಲೇ? ಬಿಸಿಲು ನೋಡು ಹೇಗಿದೆ.”

“ಏಳು ಅಂದೆ.”

ಅವನು ಉಳಿದ ಚಹಾವನ್ನು ಒಂದೇ ಗುಟುಕಿಗೆ ಬಾಯಿಗೆ ಸುರಿದುಕೊಂಡು, ಸುಟ್ಟ ನಾಲಿಗೆಯನ್ನು ಹೊರಗೆ ಚಾಚಿಕೊಂಡು ಅವಳ ಹಿಂದೆ ಹೊರಟ.